ಒಂದು ಹಲ್ಲು ಹೆಚ್ಚು

"ಮೂರು ವರ್ಷ ನನ್ನ ಕೈಗೆ ಜೋಮು ಹಿಡಿಸಿದ್ರಿ ಭಾವ! ಗೊತ್ತಿದ್ದೂ ಗೊತ್ತಿದ್ದೂ ಹಿಡಿಸಿದ್ರಿ!"

"ಮೆಲ್ಲಗೆ ಮಾತಾಡಿ. ಮಿಷನ್ ಸದ್ದಿನ ಮೇಲೆ ಕೂಗೋಕೆ ಇದು ನಿಮ್ಮ ಕಾರ್ಖಾನೆ ಅಲ್ಲ."

"ಕೂಗ್ತೀನಿ! ಬೀದಿಗೆಲ್ಲ ಕೇಳಲಿ. ಚೈನು ಸುತ್ತೋ ಮುಂದಿನ ಸ್ಪ್ರಾಕೆಟ್ಟಿಗೆ ಒಂದು ಹಲ್ಲು ಹೆಚ್ಚಿದ್ರೆ ಸಾಕು, ಹೈವೇಲಿ ಗಾಡಿ ಇಷ್ಟು ನಡುಗಲ್ಲ ಅಂತ ನಮ್ಮ ಗೇಟಿನ ಮುಂದೆ ಪಂಕ್ಚರ್ ಹಾಕೋನು ನಿಂತ ನಿಲುವಲ್ಲೇ ಹೇಳಿದ. ನಿಮಗೆ ಗೊತ್ತಿರಲಿಲ್ವಾ?"

"ಓಹೋ, ಪಂಕ್ಚರ್ ಹಾಕೋನು ಗುರು ಆದನೋ! ಹೋಗಿ ಅವನ ಕಾಲಿಗೇ ಬೀಳಿ. ಇಲ್ಲಿಗ್ಯಾಕೆ ಬಂದ್ರಿ?"

"ನಿಮ್ಮ ಬಾಯಿಂದಲೇ ಕೇಳೋಣ ಅಂತ."

ಮೆಕ್ಯಾನಿಕ್ ಕೈಯಲ್ಲಿದ್ದ ಸ್ಪ್ಯಾನರನ್ನು ಟ್ರೇಗೆ ಎಸೆದ. ಎದುರು ನಿಂತಿದ್ದವನು ತಂಗಿಯ ಗಂಡ. ತಂಗಿ ತೀರಿಕೊಂಡು ಮೂರು ವರ್ಷವಾಗಿತ್ತು. ಇಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುತ್ತಿದ್ದರು. ಎಷ್ಟೇ ಹರಿಹಾಯ್ದರೂ ಬಹುವಚನ ಬಿಟ್ಟವರಲ್ಲ.

ಭಾವ ಬಟ್ಟೆ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್. ಹೆಂಡತಿ ಹೋದಮೇಲೆ ಹಿಡಿದ ಕೆಲಸ ಅದು. ದಿನವೂ ಹೈವೇಯಲ್ಲಿ ಅಷ್ಟು ದೂರ ಹೋಗಬೇಕು, ಬರಬೇಕು. ಗಾಡಿ ಎಂಬತ್ತು ದಾಟಿದರೆ ಹ್ಯಾಂಡಲ್ಲು ಕೆಣಕಿದ ಜೇನುಗೂಡಿನಂತೆ ಗುಂಯ್‌ಗುಡುತ್ತಿತ್ತು. ಇಳಿದಾಗ ಬೆರಳುಗಳು ಇನ್ಯಾರದೋ ಎನ್ನಿಸುತ್ತಿದ್ದವು. ನಿನ್ನೆ ಅದೇ ಬೆರಳುಗಳಲ್ಲಿ ಯಂತ್ರ ಹಿಡಿದು ಒಂದು ಅಟ್ಟಿ ಬಟ್ಟೆಯನ್ನು ಗೆರೆ ಬಿಟ್ಟು ಕೊಯ್ದಿದ್ದ. ಹೆಬ್ಬೆರಳು ಕೂದಲೆಳೆಯಲ್ಲಿ ಉಳಿದಿತ್ತು.

ಮೆಕ್ಯಾನಿಕ್ಕಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಅದನ್ನು ಮಾಡಿದವನೇ ಅವನು. ಆ ಗಾಡಿ ಹೊಸದಾಗಿ ಬಂದಾಗ ಮುಂದೆ ಇದ್ದದ್ದು ಹದಿನೈದು ಹಲ್ಲಿನ ಸ್ಪ್ರಾಕೆಟ್. ಮದುವೆಯ ಹೊಸದರಲ್ಲಿ ತಂಗಿ ಹಿಂದೆ ಕೂತು, ಮಡಿಲಲ್ಲಿ ದೊಡ್ಡ ಚೀಲ ಇಟ್ಟುಕೊಂಡು ಅಣ್ಣನ ಮನೆಗೆ ಬರುವಾಗ ಊರ ಮುಂದಿನ ದಿಣ್ಣೆಯಲ್ಲಿ ಗಾಡಿ ಉಸ್ಸಪ್ಪಾ ಎನ್ನುತ್ತಿತ್ತು. "ಅಣ್ಣ, ಇನ್ನು ಮೇಲೆ ದಿಣ್ಣೆ ಬುಡದಲ್ಲೇ ಇಳಿದು ನಡೀತೀನಿ. ಇವರು ಬರೋಷ್ಟರಲ್ಲಿ ನನ್ನ ಊಟ ಮುಗಿದಿರುತ್ತೆ" ಎಂದು ಗಂಡನ ಮುಂದೆಯೇ ನಕ್ಕಿದ್ದಳು. ಅವತ್ತೇ ಅವನು ಹದಿನಾಲ್ಕು ಹಲ್ಲಿನದು ಹಾಕಿಕೊಟ್ಟ. ಗಾಡಿಗೆ ಎಳೆಯುವ ಶಕ್ತಿ ಬಂತು. ವೇಗದಲ್ಲಿ ಇಂಜಿನ್ನು ಹೆಚ್ಚು ತಿರುಗಬೇಕಾಗಿ ನಡುಕವೂ ಬಂತು. ಆಗ ಹೈವೇ ಓಡಾಟ ಇರಲಿಲ್ಲ, ಅದು ಯಾರಿಗೂ ತಟ್ಟಲಿಲ್ಲ.

ತಂಗಿ ಹೋದಮೇಲೆ ಭಾವ ತಿಂಗಳಿಗೊಮ್ಮೆ ನಡುಕ ನಡುಕ ಎನ್ನುತ್ತಾ ಬರತೊಡಗಿದ. ಮೆಕ್ಯಾನಿಕ್ ಇಂಜಿನ್ನಿನ ಬೋಲ್ಟು ಬಿಗಿಮಾಡುವನು, ಹಿಡಿಗೆ ದಪ್ಪ ರಬ್ಬರು ಹಾಕುವನು, "ಓಡಿಸಿ ನೋಡಿ, ಆಗದಿದ್ರೆ ತನ್ನಿ" ಎನ್ನುವನು. ಅಷ್ಟು ಹೊತ್ತು ಶೆಡ್ಡಿನ ಸ್ಟೂಲಿನ ಮೇಲೆ ಒಬ್ಬ ಮನುಷ್ಯ ಕೂತಿರುತ್ತಿದ್ದ. ತಂಗಿಯ ಅಡುಗೆಯಲ್ಲಿ ಉಪ್ಪು ಜಾಸ್ತಿ ಎಂದು ಈಗಲೂ ದೂರಬಲ್ಲ ಮನುಷ್ಯ ಅವನೊಬ್ಬನೇ. ಮೆಕ್ಯಾನಿಕ್ ಮದುವೆಯಾದವನಲ್ಲ. ಅವನ ಬಾಯಿಯ ಕಾವಿಗೆ ಗೆಳೆಯರು ನಿಲ್ಲುತ್ತಿರಲಿಲ್ಲ. ಗಾಡಿ ಪೂರ್ತಿ ಸರಿಯಾದರೆ ಭಾವನಿಗೆ ಇಲ್ಲೇನು ಕೆಲಸ?

"ಮಾತಾಡಿ ಭಾವ. ಹಿಂದಿನ ಸೀಟು ಖಾಲಿ. ಆ ಎಳೆಯೋ ಶಕ್ತಿ ಯಾರಿಗೋಸ್ಕರ ಉಳಿಸಿದ್ರಿ?"

ನಿಜ ಗಂಟಲ ತನಕ ಬಂತು. ಹೊರಬಿದ್ದದ್ದು ಬೇರೆ.

"ಗಾಡಿ ಮೇಲೆ ಕೂತು ಬ್ರೇಕ್ ತುಳೀರಿ. ಬಾಯಿಗಿರೋ ಬಲ ಕಾಲಿಗೂ ಇದೆಯೋ ನೋಡೋಣ."

ಭಾವ ಕೂತು ತುಳಿದ. ಮೆಕ್ಯಾನಿಕ್ ಬದಿಯ ಮುಚ್ಚಳ ಬಿಚ್ಚಿ, ನಟ್ಟಿಗೆ ಸ್ಪ್ಯಾನರ್ ಕೊಟ್ಟು, ಮೈಯ ಭಾರವನ್ನೆಲ್ಲ ಬಿಟ್ಟ. ನಟ್ಟು ಕಟಕ್ಕೆಂದು ಸಡಿಲಿತು. ಹದಿನೈದು ಹಲ್ಲಿನದನ್ನು ಗೂಡಿನಿಂದ ತೆಗೆಯಲು ಅವನು ಹುಡುಕಬೇಕಾಗಲಿಲ್ಲ. ಕಣ್ಣು ಹಾಯಿಸದೆಯೇ ಕೈ ಹೋಯಿತು. ಭಾವ ಅದನ್ನು ನೋಡಿದ. ಮೆಕ್ಯಾನಿಕ್ ಅದನ್ನು ಕೂರಿಸಿ, ಹಿಂದಿನ ಚಕ್ರವನ್ನು ಚೂರು ಮುಂದಕ್ಕೆ ಸರಿಸಿ, ಚೈನನ್ನು ಬೆರಳಲ್ಲಿ ಎತ್ತಿ ಸಡಿಲ ನೋಡಿ, ಎಲ್ಲ ಬಿಗಿದ. ಇಂಜಿನ್ ಕೂರಿಸಿದ ಬೋಲ್ಟುಗಳ ಸವೆದ ರಬ್ಬರ್ ಬುಷ್‌ಗಳನ್ನೂ ಬದಲಾಯಿಸಿದ. ಮಾಡುವುದೇ ಆದಮೇಲೆ ಅರ್ಧಂಬರ್ಧ ಮಾಡುವುದು ಅವನಿಂದ ಆಗಲಿಲ್ಲ.

"ನಡೀರಿ, ನಾನೂ ಬರ್ತೀನಿ" ಎಂದು ಹಿಂದೆ ಹತ್ತಿ ಕೂತ.

ಹೈವೇಯಲ್ಲಿ ಎಂಬತ್ತು ದಾಟಿತು. ಮೆಕ್ಯಾನಿಕ್ ಅಂಗೈಯನ್ನು ಸೀಟಿನ ಕಂಬಿಗೆ ಒತ್ತಿ ನಡುಕವನ್ನು ಹುಡುಕಿದ. ಹೆಸರಿಗೆ ಮಾತ್ರ ಇತ್ತು. ಭಾವ ಒಂದು ಕೈ ಬಿಟ್ಟು ಬೆರಳುಗಳನ್ನು ಮಡಚಿ ಬಿಚ್ಚಿ ನೋಡಿಕೊಂಡ. ಅವನ ಭುಜ ಇಳಿಯಿತು.

ವಾಪಸು ಬರುವಾಗ ದಿಣ್ಣೆಯಲ್ಲಿ ಗಾಡಿ ಏದುಸಿರು ಬಿಟ್ಟಿತು. ಎರಡನೇ ಗೇರಿಗೆ ಇಳಿಸಬೇಕಾಯಿತು.

"ಇಬ್ಬರಾದ್ರೆ ಎಳೆಯಲ್ಲ" ಎಂದ ಮೆಕ್ಯಾನಿಕ್.

"ಎಳೀದಿದ್ರೆ ಬಿಡಿ. ಇನ್ನು ಯಾರಿದ್ದಾರೆ ಹಿಂದೆ ಕೂರೋಕೆ?"

ಹಿಂದೆ ಕೂತಿದ್ದ ಮೆಕ್ಯಾನಿಕ್ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡ.

ಶೆಡ್ಡಿನ ಮುಂದೆ ಗಾಡಿ ನಿಲ್ಲಿಸಿ ಭಾವ ಒಳಗೆ ಬಂದ, ಚೀಲ ತಗೊಳ್ಳಲು. ಅವನ ಸಿಟ್ಟು ಇಳಿದಿತ್ತು.

"ಈಗಲಾದ್ರೂ ಹೇಳಿ ಭಾವ. ಯಾಕೆ ಹೀಗೆ ಮಾಡಿದ್ರಿ? ಏನೇ ಇದ್ರೂ ಪರವಾಗಿಲ್ಲ."

ಇಂಥ ಅವಕಾಶ ಮನುಷ್ಯನಿಗೆ ಎಷ್ಟು ಸಲ ಬರುತ್ತದೆ? "ನೀವು ಬರಲಿ ಅಂತ" ಎಂದರೆ ಮುಗಿದಿತ್ತು. ಮೆಕ್ಯಾನಿಕ್ ಚಿಂದಿಬಟ್ಟೆಯಲ್ಲಿ ಕೈ ಒರೆಸಿಕೊಂಡ, ಒರೆಸಿದ್ದನ್ನೇ ಮತ್ತೆ ಒರೆಸಿಕೊಂಡ.

"ಯಾಕೆ ಅಂದ್ರೆ? ಮರೆತಿದ್ದೆ. ಊರವರ ಗಾಡಿಗಳ ಹಲ್ಲೆಲ್ಲ ಎಣಿಸ್ಕೊಂಡು ಕೂತಿರೋಕಾಗುತ್ತಾ?"

"ಮರೆತಿದ್ರಿ."

"ಹ್ಞೂಂ."

"ಅವಳಿಗೋಸ್ಕರ ಹಾಕಿದ್ದನ್ನ."

"ಆಯ್ತಲ್ಲ ಈಗ! ಚೈನಿಗೆ ಎಣ್ಣೆ ಹಾಕ್ತಿರಿ. ಮತ್ತೆ ಮತ್ತೆ ಬಂದು ನನ್ನ ಪ್ರಾಣ ತಿನ್ನಬೇಡಿ."

ಭಾವ ಚೀಲ ಹೆಗಲಿಗೆ ಹಾಕಿ ಹೆಲ್ಮೆಟ್ ತೊಟ್ಟ.

"ಇಲ್ಲ ಮೇಸ್ತ್ರಿ, ತಿನ್ನಲ್ಲ" ಎಂದು ಹೊರಗೆ ನಡೆದ.

ಈ ಸಲ "ಭಾವ" ಎಂದು ಕರೆಯಲಿಲ್ಲ. ಮೆಕ್ಯಾನಿಕ್ ಬಾಗಿಲ ತನಕ ಬಂದ. ಗಾಡಿ ಹೊರಟಿತು. ಕೂಗಿದ್ದರೆ ಕೇಳಿಸುವಷ್ಟು ದೂರದಲ್ಲೇ ಇತ್ತು.

ಮುಂದಿನ ತಿಂಗಳು ಭಾವ ಬರಲಿಲ್ಲ. ಅದರ ಮುಂದಿನ ತಿಂಗಳೂ ಬರಲಿಲ್ಲ. ಗಾಡಿ ಅಷ್ಟು ಚೆನ್ನಾಗಿ ಸರಿಯಾಗಿತ್ತು.