ನಿಂತಾಗ ತಿದ್ದಿಕೊಳ್ಳುವ ಪೆಟ್ಟಿಗೆ

ಪೆಟ್ಟಿಗೆ ಊಟದ ಡಬ್ಬಿಗಿಂತ ದೊಡ್ಡದೇನಲ್ಲ. ಅದಕ್ಕೆ ಕಣ್ಣಿಲ್ಲ, ಉಪಗ್ರಹದ ಹಂಗೂ ಇಲ್ಲ. ಎಷ್ಟು ತಿರುಗಿದೆ, ಎತ್ತ ಎಷ್ಟು ಜೋರಾಗಿ ತಳ್ಳಿಸಿಕೊಂಡೆ ಎಂಬುದನ್ನಷ್ಟೇ ಅಳೆದು, ಕೂಡಿಸಿ, ತಾನೀಗ ಇಂಥ ಕಡೆ ಇದ್ದೇನೆ ಎಂದು ಪರದೆಯ ಮೇಲೆ ಚುಕ್ಕಿ ತೋರಿಸುತ್ತದೆ. ಕತ್ತಲಲ್ಲಿ ಅಡುಗೆಮನೆಗೆ ಹೋಗುವವರು ಹೆಜ್ಜೆಯ ಅಂದಾಜಿನಲ್ಲೇ ನಡೆಯುವುದಿಲ್ಲವೇ, ಹಾಗೆ. ಮೊದಲು ಕೂದಲೆಳೆಯಷ್ಟು ತಪ್ಪಿದರೂ ಆ ತಪ್ಪು ಬೆಳೆಯುತ್ತಲೇ ಹೋಗುತ್ತದೆ.

ಅದನ್ನು ಪರೀಕ್ಷಿಸುವ ಇಂಜಿನಿಯರಳನ್ನು ಕಂಪನಿಯಲ್ಲಿ ಎಲ್ಲರೂ ತಕರಾರಕ್ಕ ಎನ್ನುತ್ತಿದ್ದರು. ತಿರುಗುವ ಮೇಜಿಗೆ ಪೆಟ್ಟಿಗೆಯನ್ನು ಬಿಗಿದು ಗರಗರನೆ ಸುತ್ತಿಸುವುದು, ಕಾಯಿಸುವ ಬೀರುವಿನಲ್ಲಿಟ್ಟು ಬೆವರಿಳಿಸುವುದು, ಕೊನೆಗೆ ವ್ಯಾನಿಗೆ ಹತ್ತಿಸಿ ರಸ್ತೆ ಸುತ್ತಿಸುವುದು ಅವಳ ಕೆಲಸ. ವ್ಯಾನಿನ ನೆತ್ತಿಯ ಮೇಲೆ ಉಪಗ್ರಹದ ಸಂಕೇತ ಹಿಡಿಯುವ ಕೊಂಬು ನಿಜವಾದ ದಾರಿಯನ್ನು ಬರೆಯುತ್ತದೆ. ಪೆಟ್ಟಿಗೆ ಹೇಳಿದ ದಾರಿಯನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ಸುಳ್ಳು ಎಷ್ಟೆಂದು ತಿಳಿಯುತ್ತದೆ.

ವ್ಯಾನಿನ ಡ್ರೈವರಣ್ಣ ಬಲು ನಾಜೂಕು. ಸಿಗ್ನಲ್ಲಿಗೆ ನಿಲ್ಲಿಸುತ್ತಿದ್ದ, ಗೇಟಿಗೆ ನಿಲ್ಲಿಸುತ್ತಿದ್ದ, ಚಹಾದಂಗಡಿಗೆ ತಪ್ಪದೆ ನಿಲ್ಲಿಸುತ್ತಿದ್ದ.

"ಬಾಣಂತೀನ ಮನೆಗೆ ಕರ್ಕೊಂಡು ಹೋದಂಗೆ ಓಡಿಸ್ತೀನಿ ಮೇಡಂ. ನಿಮ್ಮ ಪೆಟ್ಟಿಗೆ ಒಂದು ಸಲ ಆದ್ರೂ ಅತ್ತಿದ್ಯಾ?"

ಅತ್ತಿರಲಿಲ್ಲ. ಎಲ್ಲ ಓಟದಲ್ಲೂ ಪಾಸಾಗಿತ್ತು.

ಒಮ್ಮೆ ಅವನಿಗೆ ಹಲ್ಲುನೋವು ಬಂತು. ಬದಲಿಗೆ ಬಂದ ಆಂಬುಲೆನ್ಸ್ ಡ್ರೈವರ್ ಬೈಪಾಸಿಗೆ ಹತ್ತಿಸಿದವನು ಎಲ್ಲೂ ನಿಲ್ಲಿಸಲಿಲ್ಲ. ಪರದೆ ನೋಡಿದರೆ ವ್ಯಾನು ಕೆರೆಯ ನಟ್ಟನಡುವೆ ತೇಲುತ್ತಿತ್ತು.

ತಕರಾರಕ್ಕನಿಗೆ ಆಗ ಹೊಳೆಯಿತು. ಪೆಟ್ಟಿಗೆಯನ್ನು ಮೊದಲು ಮಾಡಿದ್ದು ಲಾರಿಗಳಿಗೆಂದು. ಗಾಡಿ ನಿಂತಿತೆಂದು ಗೊತ್ತಾದ ಕೂಡಲೇ ಅದು ಅಲ್ಲಿಯವರೆಗೆ ಬೆಳೆದ ವೇಗದ ತಪ್ಪನ್ನು ಒರೆಸಿಕೊಂಡು ಹೊಸದಾಗಿ ಶುರುಮಾಡುತ್ತದೆ. ಡ್ರೈವರಣ್ಣನ ಚಹಾದ ಚಟವೇ ಅದನ್ನು ಪಾಸು ಮಾಡಿಸುತ್ತಿತ್ತು. ಈಗ ಅದೇ ಪೆಟ್ಟಿಗೆ ದೋಣಿಗಳಿಗೆ ಹೊರಟಿತ್ತು. ಕೊಲ್ಲಿಯ ಆಚೆ ದಡದ ಕಾರ್ಖಾನೆಗೆ ಕೆಲಸಗಾರರನ್ನು ಸಾಗಿಸುವ ದೋಣಿಗಳವು. ನಡುವೆ ಬಂಡೆಗಳ ಸಂದು. ಅಲ್ಲಿ ಉಪಗ್ರಹದ ಸಂಕೇತ ಸತ್ತುಹೋಗುತ್ತದೆ, ಬೆಳಗ್ಗೆ ಮಂಜು ಮುಸುಕುತ್ತದೆ. ಅಂಥ ಒಂದು ದೋಣಿಯ ಚುಕ್ಕಾಣಿ ಹಿಡಿಯುವವನು ಅವಳ ಅಕ್ಕನ ಗಂಡ.

ಅವಳು ಮ್ಯಾನೇಜರ್ ಬಳಿಗೆ ಹೋಗಿ ಇದನ್ನು ಹೇಳಿದಳು.

"ಆ ಡ್ರೈವರ್ ಒರಟ. ಆ ಓಟ ಲೆಕ್ಕಕ್ಕೆ ಬೇಡ ಬಿಡಿ."

"ತಪ್ಪು ಅವನದಲ್ಲ ಸರ್. ನಾವು ನಿಲ್ಲಿಸಿ ನಿಲ್ಲಿಸಿ ಪಾಸು ಮಾಡ್ಸಿದೀವಿ. ದೋಣಿ ಎಲ್ಲಿ ನಿಲ್ಲುತ್ತೆ?"

"ನಡುವೆ ಎರಡು ಸಲ ನಿಲ್ಲಿಸೋಕೆ ಹೇಳಿ. ನಿಮ್ಮ ಭಾವಾನೇ ಅಲ್ವಾ ಓಡ್ಸೋದು?"

"ಇಂಜಿನ್ ಆಫ್ ಮಾಡಿದ್ರೂ ನೀರು ಎಳ್ಕೊಂಡು ಹೋಗುತ್ತೆ ಸರ್. ನಿಂತಿದೀನಿ ಅಂತ ಪೆಟ್ಟಿಗೆ ನಂಬಿದ್ರೆ ಕತೆ ಮುಗೀತು."

"ನೋಡಮ್ಮ, ಪರೀಕ್ಷೆ ವಿಧಾನ ಗಿರಾಕಿ ಒಪ್ಪಿದ್ದು. ನೀವು ಸಹಿ ಹಾಕದಿದ್ರೆ ನಾನು ಹಾಕ್ತೀನಿ."

ಹಾಕಿದರು. ಆ ಕೋಣೆಯಲ್ಲಿ ಯಾರೂ ದುಷ್ಟರಿರಲಿಲ್ಲ. ಕೆಲಸಗಾರರು ಮುಳುಗಲಿ ಎಂದು ಯಾರ ಬಾಯಿಂದಲೂ ಬರಲಿಲ್ಲ. ವಿಧಾನವನ್ನು ಒಪ್ಪಿಯಾಗಿದೆ ಎಂದಷ್ಟೇ ಹೇಳಿದರು. ಮುಳುಗಿಸುವುದಕ್ಕೆ ಅಷ್ಟು ಸಾಕು.

ಅಕ್ಕನ ಮನೆಯಲ್ಲಿ ಭಾವ ಬನಿಯನ್ನಿನಲ್ಲಿ ಕೂತು ಶೂ ಒರೆಸುತ್ತಿದ್ದ.

"ಏನು ನಾದಿನಿ, ನಿನ್ನ ಪೆಟ್ಟಿಗೆ ಬಂತು. ಇಷ್ಟು ದಿನ ಮಂಜು ಇದ್ರೆ ದೋಣಿ ಬಿಡ್ತಿರ್ಲಿಲ್ಲ. ಇನ್ಮೇಲೆ ಮಂಜಿನ ನೆಪ ನಡೆಯಲ್ಲ ಅಂತ ಕಾರ್ಖಾನೆಯೋರು ನೋಟಿಸ್ ಅಂಟ್ಸಿದಾರೆ."

ಅವಳು ಎಲ್ಲ ಹೇಳಿದಳು. ಭಾವನ ಕೈಯಲ್ಲಿದ್ದ ಬಟ್ಟೆ ನಿಂತಿತು.

"ನಾನೊಬ್ಬ ಬಿಡಲ್ಲ ಅಂದ್ರೆ ಪುಕ್ಕಲ ಅಂತಾರೆ. ಬೇರೆಯವನನ್ನ ಕೂರಿಸ್ತಾರೆ."

"ಬೇರೆಯವರನ್ನೂ ಕರ್ಕೊಂಡು ಬನ್ನಿ ಭಾವ. ವ್ಯಾನಿನಲ್ಲಿ ಒಂದು ಸುತ್ತು ಹೋಗೋಣ."

"ಇವಳ ಮಾತು ಕೇಳಿ ನಿಮ್ಮ ಕೆಲ್ಸಾನೂ ಹೋಗುತ್ತೆ, ಇವಳ ಕೆಲ್ಸಾನೂ ಹೋಗುತ್ತೆ" ಎಂದು ಅಕ್ಕ ಒಳಗಿನಿಂದ ಕೂಗಿದಳು. ಸ್ವಲ್ಪ ಹೊತ್ತು ಬಿಟ್ಟು ಬಾಗಿಲಿಗೆ ಬಂದು, "ಹೋಗ್ಬನ್ನಿ" ಎಂದಳು.

ದೋಣಿಯವರೆಲ್ಲ ವ್ಯಾನಿನ ಹಿಂದೆ ಇರುಕಿಕೊಂಡು ಕೂತರು. ಕಿಟಕಿಗಳಿಗೆ ಹಳೆ ಪೇಪರ್ ಅಂಟಿಸಿತ್ತು. ಎದುರಿಗೆ ಪೆಟ್ಟಿಗೆಯ ಪರದೆ. ಹಲ್ಲುನೋವು ವಾಸಿಯಾಗಿದ್ದ ಡ್ರೈವರಣ್ಣನಿಗೆ ತಕರಾರಕ್ಕ ಎಲ್ಲೂ ನಿಲ್ಲಿಸಬೇಡಿ ಎಂದಳು. ಚಹಾದಂಗಡಿ ದಾಟುವಾಗ ಅವನು ಮುಖ ತಿರುಗಿಸಿಕೊಂಡ. ವ್ಯಾನು ಬೈಪಾಸಿನಲ್ಲಿ ಒಂದೇ ಸಮನೆ ಓಡಿತು.

"ಈಗ ಇದು ಮಂಜು ಅಂದ್ಕೊಳ್ಳಿ. ಮನೆಗೆ ಹೋಗ್ಬೇಕು, ಎತ್ತ ತಿರುಗ್ತೀರಿ?"

ಎಲ್ಲರಿಗಿಂತ ಹಿರಿಯನಾದ ದೋಣಿಯವನು ಪರದೆಗೆ ಮೂಗು ತಾಗಿಸಿ ನೋಡಿದ. "ಬಲಗಡೆ ದಾರಿ ತೋರಿಸ್ತಾ ಇದೆ. ಬಲಕ್ಕೆ ಹೊಡಿ."

"ಹೊಡೀಲಾ?" ಡ್ರೈವರಣ್ಣ ಕೇಳಿದ.

"ಹೊಡಿಯಯ್ಯಾ, ಏನು ಮುಹೂರ್ತ ನೋಡ್ತೀಯ?"

ತಕರಾರಕ್ಕ ಬಲಗಡೆಯ ಪೇಪರನ್ನು ಹರಿದಳು. ಹೊರಗೆ ಉದ್ದಕ್ಕೂ ಕಲ್ಲಿನ ತಡೆಗೋಡೆ ಓಡುತ್ತಿತ್ತು.

ಮೊದಲು ಎಲ್ಲರೂ ಬಿದ್ದು ಬಿದ್ದು ನಕ್ಕರು. ಹಿರಿಯನ ಬೆನ್ನಿಗೆ ಯಾರೋ ಗುದ್ದಿದರು. ಆಮೇಲೆ ಒಬ್ಬೊಬ್ಬರದೇ ನಗು ಆರಿತು.

ಮ್ಯಾನೇಜರ್‌ಗೆ ಸುದ್ದಿ ಮುಟ್ಟಿತು. ತಕರಾರಕ್ಕನಿಗೆ ಗೇಟಿನೊಳಗೆ ಬರಬೇಡಿ ಎಂದರು.

ಮುಂದಿನ ಮಂಜಿನ ಬೆಳಗ್ಗೆ ದೋಣಿಗಳು ದಡಕ್ಕೆ ಕಟ್ಟಿದ ಹಾಗೇ ಇದ್ದವು. ಕಾರ್ಖಾನೆಯ ಮೇಸ್ತ್ರಿ ಗಂಟಲು ಹರಿದುಕೊಂಡ. ಭಾವ ಕೆಲಸಗಾರರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಹೊಲಿಗೆ ವಿಭಾಗದ ಹೆಂಗಸರು ಮೊದಲು ನೆಲಕ್ಕೆ ಕೂತರು, ಹಿಂದೆಯೇ ಉಳಿದವರು. ಮೇಸ್ತ್ರಿ ಫೋನು ಮಾಡಿ ಪೆಟ್ಟಿಗೆ ಕಂಪನಿಯ ಮ್ಯಾನೇಜರನ್ನು ಕರೆಸಿದ.

"ಪೆಟ್ಟಿಗೆ ಸರಿಯಾಗಿದೆ, ನಾನೇ ಸಹಿ ಹಾಕಿದೀನಿ" ಎಂದರು ಮ್ಯಾನೇಜರ್.

"ಬನ್ನಿ ಸಾರ್, ಮೊದಲನೇ ದೋಣೀಲಿ ನೀವು ಮುಂದೆ ಕೂತ್ಕೊಳ್ಳಿ. ಈಗಲೇ ಬಿಡ್ತೀನಿ" ಎಂದ ಭಾವ.

ಮ್ಯಾನೇಜರ್ ದೋಣಿ ಹತ್ತುವ ಹಲಗೆಯ ಅಂಚಿನವರೆಗೆ ಹೋದರು. ಎದುರಿಗೆ ನೀರೂ ಇಲ್ಲ, ಬಂಡೆಯೂ ಇಲ್ಲ, ಬರೀ ಬಿಳುಪು. ಒಂದು ಕಾಲು ದೋಣಿಯಲ್ಲಿಟ್ಟು, ಮತ್ತೆ ಹಿಂದಕ್ಕೆ ತೆಗೆದುಕೊಂಡರು.

"ಸ್ವಲ್ಪ ತಿಳಿಯಾಗ್ಲಿ" ಎಂದರು.

ನೆಲದ ಮೇಲೆ ಕೂತಿದ್ದವರು ಈ ಮಾತನ್ನು ಹಿಂದಿನ ಸಾಲಿನವರಿಗೂ ಕೇಳುವಂತೆ ಬಾಯಿಂದ ಬಾಯಿಗೆ ದಾಟಿಸಿದರು. ಭಾವನ ಜೊತೆ ಬಂದು ದಡದಲ್ಲಿ ನಿಂತಿದ್ದ ತಕರಾರಕ್ಕ ದೋಣಿಗೆ ಇಳಿದು, ಪೆಟ್ಟಿಗೆಯನ್ನು ಬಿಗಿದಿದ್ದ ನಟ್ಟುಗಳ ಪಕ್ಕ ಮಂಡಿಯೂರಿದಳು.

"ಭಾವ, ಸ್ಪ್ಯಾನರ್ ಕೊಡಿ."

ಯಾರೂ ತಡೆಯಲಿಲ್ಲ.