ಹೆಂಡತಿಯ ಬಿಪಿ ಮಾತ್ರೆ

ಬೀದಿಯ ತಿರುವಿನಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವರನ್ನು ಊರೆಲ್ಲ ಪಂಕ್ಚರ್ ಮಾವ ಎಂದೇ ಕರೆಯುತ್ತಿತ್ತು. ಮನೆಯಲ್ಲಿ ಅವರಿಗೂ ಬಿಪಿ, ಅವರ ಹೆಂಡತಿಗೂ ಬಿಪಿ. ಇಬ್ಬರ ಮಾತ್ರೆಗಳೂ ಬಿಸ್ಕತ್ತಿನ ಒಂದೇ ಡಬ್ಬದಲ್ಲಿದ್ದವು. ಮೊದಮೊದಲು ಡಬ್ಬದಲ್ಲಿ ಜಾಗ ಬೇಕಾದಷ್ಟಿತ್ತು. ಆಮೇಲೆ ಬಿಪಿಯ ಜೊತೆಗೆ ಮಾವನ ಮಂಡಿ ನೋವಿನ ಮಾತ್ರೆ ಬಂತು. ಮಂಡಿ ನೋವಿನ ಮಾತ್ರೆಯಿಂದ ಹೊಟ್ಟೆ ಉರಿಯಿತೆಂದು ಗ್ಯಾಸಿನ ಮಾತ್ರೆ ಬಂತು. ಅದರ ಹಿಂದೆ ನಿದ್ದೆಯದು, ಶಕ್ತಿಯದು. ಹೊಸದು ಬರುತ್ತಿತ್ತು, ಹಳೆಯದು ಹೋಗುತ್ತಿರಲಿಲ್ಲ. ಡಬ್ಬದ ಮುಚ್ಚಳ ಕೂರುವುದನ್ನೇ ಬಿಟ್ಟಿತು.

ಹೀಗಿರುವಾಗ ಹೆಂಡತಿ ತೀರಿಕೊಂಡರು. ಒಟ್ಟಿಗೆ ಕೊಂಡರೆ ರಿಯಾಯಿತಿ ಸಿಗುತ್ತದೆಂದು ಆಕೆಗೆ ಹಲವು ತಿಂಗಳ ಮಾತ್ರೆಗಳನ್ನು ಮೊದಲೇ ತಂದಿಟ್ಟಿದ್ದರು. ಆಕೆಯ ಸೀರೆಗಳನ್ನು ಮಗಳು ಮಡಿಸಿಟ್ಟಳು, ಚಪ್ಪಲಿಗಳನ್ನು ಯಾರಿಗೋ ಕೊಟ್ಟಳು. ಮಾತ್ರೆಗಳು ಮಾತ್ರ ಡಬ್ಬದಲ್ಲೇ ಉಳಿದವು.

ಅದೇ ತಿಂಗಳು ಮಾವನ ಬಿಪಿ ಮಾತ್ರೆಯ ಬೆಲೆ ಮತ್ತೆ ಏರಿತು. ಮಾವ ಯೋಚನೆ ಮಾಡಿದರು. ಬಿಪಿ ಎಂದರೆ ಬಿಪಿ, ಇಬ್ಬರದೂ ಒಂದೇ ಕಾಯಿಲೆ. ಅವಳ ಪಾಲಿನದನ್ನು ಚರಂಡಿಗೆ ಹಾಕುವುದುಂಟೇ? ತಮ್ಮ ಮಾತ್ರೆ ಕೊಳ್ಳುವುದನ್ನು ನಿಲ್ಲಿಸಿ, ದಿನವೂ ಬೆಳಿಗ್ಗೆ ಹೆಂಡತಿಯದನ್ನು ನುಂಗತೊಡಗಿದರು. ಮಗಳಿಗೆ ಹೇಳಲಿಲ್ಲ. ನುಂಗುವ ಹೊತ್ತಿನಲ್ಲಿ ಹೆಂಡತಿ ಪಕ್ಕದಲ್ಲಿ ನೀರಿನ ಲೋಟ ಹಿಡಿದು ನಿಂತಂತೆ ಅವರಿಗೆ ಅನ್ನಿಸುತ್ತಿತ್ತು. ಅದನ್ನಂತೂ ಯಾರಿಗೂ ಹೇಳಲಿಲ್ಲ.

ಕೆಲವು ವಾರ ಕಳೆಯುವಷ್ಟರಲ್ಲಿ ಉಬ್ಬಸ ಕಾಣಿಸಿಕೊಂಡಿತು. ಹರೆಯದಲ್ಲಿ ಕಾಡಿ, ಬಿಟ್ಟೇ ಹೋಯಿತೆಂದುಕೊಂಡಿದ್ದ ಉಬ್ಬಸ. ಟೈರಿಗೆ ನಾಲ್ಕು ಸಲ ಪಂಪ್ ಒತ್ತಿದರೆ ಗೋಡೆ ಹಿಡಿದು ನಿಲ್ಲಬೇಕು. ಎದೆಯೊಳಗೆ ಸಿಳ್ಳೆ ಹಾಕಿದ ಸದ್ದು.

"ಏನ್ ಮಾವ," ಎಂದ ಹಾಲು ಹಾಕುವವನು, ತನ್ನ ಸೈಕಲ್ ಹಿಡಿದುಕೊಂಡು. "ಟೈರಿಗೆ ಗಾಳಿ ಹಾಕ್ತಿದ್ದೀರೋ, ಇಲ್ಲ ಟೈರಿಂದ ಗಾಳಿ ಸಾಲ ತಗೊಳ್ತಿದ್ದೀರೋ?"

"ನಿನ್ನ ಹಾಲಿಗೆ ನೀರು ಎಲ್ಲಿಂದ ಬರತ್ತೆ ಅಂತ ನಾನು ಕೇಳಿದ್ನಾ? ಸುಮ್ನಿರೋ," ಎಂದರು ಮಾವ. ಅಷ್ಟು ಮಾತಿಗೇ ಅವರಿಗೆ ಏದುಸಿರು ಬಂತು.

ರಾತ್ರಿ ಅಪ್ಪ ಮಲಗಲಾರದೆ ಗೋಡೆಗೆ ಒರಗಿ ಕುಳಿತಿದ್ದನ್ನು ಮಗಳು ನೋಡಿದಳು. "ಅಪ್ಪಾ, ನಾಳೆ ಡಾಕ್ಟರ ಹತ್ರ ಹೋಗೋಣ."

"ಹೋದ್ರೆ ಇನ್ನೊಂದು ಮಾತ್ರೆ ಬರೀತಾರೆ, ಅಷ್ಟೇ. ಅದನ್ನ ಇಡೋಕೆ ಇನ್ನೊಂದು ಡಬ್ಬ ತರಬೇಕಾಗತ್ತೆ."

ಬೆಳಗಾದ ಮೇಲೆ ಮಾವ ತಾವೇ ಮೆಡಿಕಲ್ ಶಾಪಿಗೆ ಹೋದರು. ಅಂಗಡಿ ನಡೆಸುವಾಕೆ ಔಷಧಶಾಸ್ತ್ರ ಓದಿದವಳು, ಮಾವನ ಹೆಂಡತಿಯನ್ನು ಅತ್ತೆ ಎಂದೇ ಕರೆಯುತ್ತಿದ್ದವಳು, ಚೆನ್ನಾಗಿ ಬಲ್ಲವಳು.

"ಉಬ್ಬಸಕ್ಕೆ ಒಂದು ಸಿರಪ್ ಕೊಡಮ್ಮ. ಕಡಿಮೆ ಬೆಲೇದು."

ಆಕೆ ಸಿರಪ್ಪಿಗೆ ಕೈ ಹಾಕಲಿಲ್ಲ. ಅವರ ಎದೆಯ ಏರಿಳಿತವನ್ನು ನೋಡಿದಳು. "ಬಿಪಿ ಮಾತ್ರೆಗೂ ಬರ್ಲಿಲ್ಲ ನೀವು ಈಚೆಗೆ. ಬೇರೆ ಅಂಗಡಿಗೆ ಹೋಗ್ತಿದ್ದೀರಾ ಮಾವ?"

"ಎಲ್ಲಿಗೂ ಹೋಗ್ಲಿಲ್ಲ. ನಿಮ್ಮತ್ತೇದು ಉಳಿದಿತ್ತಲ್ಲ. ಅದನ್ನೇ ತಗೊಳ್ತಿದ್ದೀನಿ."

ಆಕೆ ಸ್ಟೂಲನ್ನು ಮುಂದೆ ತಳ್ಳಿದಳು. "ಮೊದಲು ಕೂತ್ಕೊಳ್ಳಿ. ಅತ್ತೆಯ ಎದೆಬಡಿತ ಜೋರು ಅಂತ ಬೇರೆ ಜಾತಿಯ ಮಾತ್ರೆ ಬರೆದಿದ್ರು. ಅದು ಬಿಪಿನೂ ಇಳಿಸತ್ತೆ, ನಿಜ. ಆದ್ರೆ ಉಬ್ಬಸ ಇರೋರಿಗೆ ಅದು ಆಗಿಬರಲ್ಲ. ಉಸಿರಿನ ದಾರಿಯನ್ನೇ ಬಿಗಿ ಮಾಡ್ಬಹುದು."

"ಅವಳಿಗೆ ಇಷ್ಟು ವರ್ಷ ಏನೂ ಆಗ್ಲಿಲ್ವಲ್ಲ?"

"ಅವರಿಗೆ ಉಬ್ಬಸ ಇರ್ಲಿಲ್ವಲ್ಲ! ಇಬ್ಬರಿಗೂ ಕಣ್ಣು ಮಂಜು ಅಂತ ಅತ್ತೆಯ ಕನ್ನಡಕ ಹಾಕ್ಕೊಂಡು ರಸ್ತೆ ದಾಟ್ತೀರಾ ನೀವು?"

ಮಾವ ಟವೆಲಿನಿಂದ ಮುಖ ಒರೆಸಿಕೊಂಡರು. "ಉಸಿರು ದೇವರು ಕೊಟ್ಟಿದ್ದಮ್ಮ. ಆತ ಇಟ್ಟಷ್ಟು ದಿನ ಇರತ್ತೆ."

"ಆತ ಕೊಟ್ಟಿದ್ದೇ ಮಾವ. ಅದಕ್ಕೇ ಜೋಪಾನ ಮಾಡಿ ಅನ್ನೋದು."

"ಜೋಪಾನಕ್ಕೆ ದುಡ್ಡು ಬೇಡ್ವಾ? ವರ್ಷ ವರ್ಷ ಬಿಲ್ ಏರ್ತಾನೇ ಇದೆ. ನಿಮ್ಮಂಗಡಿಗೇನು, ಒಳ್ಳೇದೇ."

ಆಕೆ ಬೇಸರಿಸಲಿಲ್ಲ. "ಬೆಲೆ ಏರಿದ್ದು ಒಂದು ಕಾರಣ. ಇನ್ನೊಂದು ಕಾರಣ ಯಾರ ಕಣ್ಣಿಗೂ ಬೀಳಲ್ಲ. ನಾನು ಅಂಗಡಿ ತೆಗೆದಾಗ ಜನ ಮಾತ್ರೆಗಳನ್ನ ಜೇಬಿಗೆ ಹಾಕ್ಕೊಂಡು ಹೋಗ್ತಿದ್ರು. ಈಗ ಚೀಲ ತರ್ತಾರೆ. ಎಷ್ಟೋ ಮಾತ್ರೆ ಜೀವ ಉಳಿಸೋವೇ, ಅವು ಬೇಕು. ಆದ್ರೆ ಕೆಲವು ಬಾಡಿಗೆದಾರರ ಹಾಗೆ. ಬಂದ ಕೆಲಸ ಮುಗಿದ್ರೂ ಮನೆ ಖಾಲಿ ಮಾಡಲ್ಲ. ಹೊರಡಿ ಅಂತ ನೀವೂ ಕೇಳಲ್ಲ, ಡಾಕ್ಟರಿಗೆ ನೆನಪೂ ಇರಲ್ಲ. ಇನ್ನು ನೀವು ತಗೊಳ್ತಿದ್ದ ಬಿಪಿ ಮಾತ್ರೆ ಹೆಸರುವಾಸಿ ಕಂಪನೀದು. ಅದೇ ಔಷಧಿ, ಬರೀ ಔಷಧಿಯ ಹೆಸರಲ್ಲಿ ಬರೋ ಜೆನೆರಿಕ್‌ನಲ್ಲಿ ಕಡಿಮೆಗೆ ಸಿಗತ್ತೆ. ಬರೆಸ್ಕೊಂಡು ಬನ್ನಿ, ಕೊಡ್ತೀನಿ."

"ಮತ್ತೆ ಇಷ್ಟು ದಿನ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ. ನಾನೂ ಹೇಳ್ಬೇಕಿತ್ತು," ಎಂದಳು ಆಕೆ. ಮಗಳಿಗೆ ಫೋನ್ ಮಾಡಿ, "ಮನೇಲಿರೋ ಮಾತ್ರೆಗಳನ್ನೆಲ್ಲ ಹಾಗೇ ತಗೊಂಡು ಕ್ಲಿನಿಕ್ಕಿಗೆ ಬಾ. ಈಗಲೇ ಬಾ, ಸಂಜೆವರೆಗೆ ಕಾಯಬೇಡ," ಎಂದಳು. ಮಾವನನ್ನು ಆಟೋ ಹತ್ತಿಸಿ ಕಳಿಸಿದಳು.

ಡಾಕ್ಟರು ಮೊದಲು ಉಸಿರು ಸರಾಗವಾಗಲು ಮೂಗುಬಾಯಿಗೆ ಮಾಸ್ಕ್ ಇಟ್ಟು ಔಷಧಿಯ ಹಬೆ ಎಳೆಸಿದರು. ಆಮೇಲೆ ಮಗಳು ತಂದ ಡಬ್ಬವನ್ನು ಮೇಜಿನ ಮೇಲೆ ಸುರಿಸಿದರು. ಒಂದೊಂದೇ ಶೀಟನ್ನು ಎತ್ತಿ, "ಇದು ಯಾಕೆ?" ಎಂದು ಕೇಳಿದರು. ಎಷ್ಟೋ ಮಾತ್ರೆಗಳಿಗೆ ಅಪ್ಪನ ಹತ್ತಿರವೂ ಉತ್ತರವಿರಲಿಲ್ಲ, ಮಗಳ ಹತ್ತಿರವೂ ಇರಲಿಲ್ಲ. ಮಂಡಿ ನೋವಿನ ಮಾತ್ರೆ ಬಿಪಿಯನ್ನೂ ಏರಿಸುತ್ತದೆ, ಕೆಲವರಿಗೆ ಉಬ್ಬಸವನ್ನೂ ಕೆಣಕುತ್ತದೆ ಎಂದು ಅದನ್ನು ಬದಿಗಿಟ್ಟರು. ಅದು ಹೋದ ಮೇಲೆ ಅದರ ಹಿಂದೆ ಬಂದಿದ್ದ ಗ್ಯಾಸಿನ ಮಾತ್ರೆಗೂ ಕೆಲಸವಿರಲಿಲ್ಲ. ಹೆಂಡತಿಯ ಮಾತ್ರೆಯ ಬದಲು ಮಾವನ ಹಳೆಯ ಬಿಪಿ ಔಷಧಿಯನ್ನೇ ಜೆನೆರಿಕ್ ಹೆಸರಿನಲ್ಲಿ ಬರೆದುಕೊಟ್ಟರು.

"ಇವತ್ತು ನಾನು ನೋಡಿ ನಿಲ್ಲಿಸಿದ್ದೀನಿ. ಇನ್ನು ಕೇಳದೆ ನೀವಾಗಿ ಯಾವ ಮಾತ್ರೆ ಶುರು ಮಾಡೋದೂ ಬೇಡ, ನಿಲ್ಲಿಸೋದೂ ಬೇಡ," ಎಂದರು.

ವಾಪಸು ಬರುವಾಗ ಮೆಡಿಕಲ್ ಶಾಪಿನಲ್ಲಿ ಬಿಲ್ ನೋಡಿ ಮಾವ ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ನೋಡಿದರು. ಅದು ಅಷ್ಟು ಇಳಿದಿತ್ತು. ಕೌಂಟರಿನ ಪಕ್ಕದಲ್ಲಿ ಬೇಡವಾದ ಮಾತ್ರೆಗಳನ್ನು ಹಾಕುವ ಪೆಟ್ಟಿಗೆಯಿತ್ತು. ಮಂಡಿ ನೋವಿನದನ್ನು ಹಾಕಿದರು, ಗ್ಯಾಸಿನದನ್ನು ಹಾಕಿದರು. ಹೆಂಡತಿಯ ಶೀಟುಗಳು ಬಂದಾಗ ಕೈ ಅಲ್ಲೇ ನಿಂತಿತು. ಅಂಗಡಿಯಾಕೆ ಬೇರೆ ಕಡೆ ತಿರುಗಿ ಏನೋ ಜೋಡಿಸತೊಡಗಿದಳು.

"ಅವಳದು ಅಂತ ಇಷ್ಟೇ ಉಳಿದಿತ್ತಲ್ಲಮ್ಮ," ಎಂದರು ಮಾವ ಮಗಳಿಗೆ.

ಮಗಳು ಅವರ ಕೈಯಲ್ಲಿದ್ದ ಶೀಟನ್ನು ನೋಡಿ ಹೇಳಿದಳು: "ಅಪ್ಪಾ, ಅಮ್ಮ ಇದನ್ನೇನು ಪ್ರೀತಿಯಿಂದ ತಿಂತಿದ್ಲಾ? 'ಕಹಿ ದರಿದ್ರ' ಅಂತ ಬೈಕೊಂಡು, ಮುಖ ಕಿವುಚಿಕೊಂಡು ನುಂಗ್ತಿದ್ಲು. ನೀನು ಇದನ್ನ ಇಟ್ಕೊಂಡು ಪೂಜೆ ಮಾಡೋದು ಗೊತ್ತಾದ್ರೆ ನಿನಗೂ ಬೈತಾಳೆ."

ಮಾವನಿಗೆ ನಗು ಬಂತು. ಹೆಂಡತಿ ಹೋದ ಮೇಲೆ ಬಂದ ಮೊದಲ ನಗು ಅದು. ನಗುತ್ತಲೇ, ಕಣ್ಣು ಒರೆಸಿಕೊಳ್ಳುತ್ತಲೇ ಶೀಟುಗಳನ್ನು ಪೆಟ್ಟಿಗೆಗೆ ಬಿಟ್ಟರು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಇಂಥದೊಂದು ಡಬ್ಬ ಇದ್ದೇ ಇರುತ್ತದೆ. ಮುಂದಿನ ಸಲ ಡಾಕ್ಟರ ಬಳಿ ಹೋಗುವಾಗ ಅದನ್ನು ಪೂರ್ತಿಯಾಗಿ ಒಯ್ಯಿರಿ. "ಇದು ಇನ್ನೂ ಬೇಕೇ? ಇದೇ ಔಷಧಿ ಕಡಿಮೆ ಬೆಲೆಗೆ ಸಿಗುತ್ತದೆಯೇ?" ಎಂದು ಬಾಯಿಬಿಟ್ಟು ಕೇಳಿರಿ. ಕೇಳಿದರೆ ಯಾರೂ ಕೋಪ ಮಾಡಿಕೊಳ್ಳುವುದಿಲ್ಲ. ಒಬ್ಬರ ಮಾತ್ರೆಯನ್ನು ಇನ್ನೊಬ್ಬರು ನುಂಗಬೇಡಿ, ಗಂಡಹೆಂಡಿರಾದರೂ ಬೇಡ. ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದರೆ, ಅವರ ಮಾತ್ರೆಗಳನ್ನು ಇವತ್ತೇ ಬೇರೆ ತೆಗೆದು ಔಷಧಿ ಅಂಗಡಿಯವರ ಸಲಹೆ ಕೇಳಿ ವಿಲೇವಾರಿ ಮಾಡಿರಿ. ಕೈ ತಡೆಯುತ್ತದೆ, ನಿಜ. ಆದರೂ ಮಾಡಿರಿ. ನಿಮ್ಮನ್ನು ನೆಚ್ಚಿಕೊಂಡವರು ಮನೆಯಲ್ಲಿ ಇನ್ನೂ ಇದ್ದಾರೆ.