ಬಾನೆಟ್ಟಿನ ಎಂಟು ಸೀಳು

ಚಿಕ್ಕ ಸಾವುಕಾರ ಉಜ್ಜನಪ್ಪನ ಕಾರು ಒಮ್ಮೆಯಾದರೂ ಕುದಿಯದೆ ಹರಿಹರದ ಸೇತುವೆ ಮುಟ್ಟಿದ್ದಿಲ್ಲ. ಎರಡೇ ಸೀಟಿನ, ನೆಲಕ್ಕೆ ಹೊಟ್ಟೆಯೂರಿ ಕುಳಿತಂತಿದ್ದ ಆ ಇಂಗ್ಲಿಷ್ ಕಾರನ್ನು ಅವನು ಚಿಕ್ಕಮಗಳೂರು ಕಡೆಯ ತೋಟದ ಮಾಲೀಕನೊಬ್ಬನಿಂದ ಕೊಂಡು ತಂದಿದ್ದ. ಚಳಿಯ ದೇಶದಲ್ಲಿ ಹುಟ್ಟಿದ ಎಂಜಿನ್ನು. ದಾವಣಗೆರೆಯ ಏಪ್ರಿಲ್ ಎಂದರೇನೆಂದು ಅದಕ್ಕೆ ತಿಳಿಯದು. ಎಂಟು ಮೈಲಿ ಓಡುವಷ್ಟರಲ್ಲಿ ಶಾಖದ ಮುಳ್ಳು ಕೆಂಪು ಗೆರೆ ದಾಟುತ್ತಿತ್ತು, ಮುಂದಿನಿಂದ ಬಿಳಿಯ ಆವಿ ಏಳುತ್ತಿತ್ತು, ಹಿಂದೆ ಬಂದ ಗೆಳೆಯರ ಕಾರುಗಳು ಹಾರ್ನು ಬಾರಿಸುತ್ತ ದಾಟಿ ಹೋಗುತ್ತಿದ್ದವು.

ಕಾರನ್ನು ನೋಡಿಕೊಳ್ಳುತ್ತಿದ್ದವನು ಮೆಕ್ಯಾನಿಕ್ ಕುತುಬುದ್ದೀನ್. ರೇಡಿಯೇಟರ್ ತೊಳೆದ, ಫ್ಯಾನ್ ಬದಲಿಸಿದ, ಕುದಿತ ನಿಲ್ಲಲಿಲ್ಲ. ಕೊನೆಗೆ ಸಾವುಕಾರನೇ ವಿದೇಶಿ ಪತ್ರಿಕೆಯೊಂದರಲ್ಲಿ ಬಾನೆಟ್ಟನ್ನು ಸೀಳಿಸಿಕೊಂಡ ರೇಸಿನ ಕಾರೊಂದರ ಚಿತ್ರ ಕಂಡ. ಬಿಸಿಗಾಳಿ ಹೊರಹೋಗಲು ದಾರಿಯಾದರೆ ಎಂಜಿನ್ನು ತಣ್ಣಗಿರುತ್ತದೆ. ಮಾತು ಸರಿಯೇ ಇತ್ತು. ತಗಡು ಸೀಳುವ ಕೆಲಸ ತಗಡಿನವನದು, ಊರಿನಲ್ಲಿ ತಗಡಿನವನೆಂದರೆ ಮೌಲಾ ಸಾಬ್.

ನಿಟ್ಟುವಳ್ಳಿಯಲ್ಲಿ ಉಜ್ಜನಪ್ಪನ ಹತ್ತಿ ಗೋದಾಮಿನ ಗೋಡೆಗೆ ಆತುಕೊಂಡು ಮೌಲಾ ಸಾಬನ ಶೆಡ್ಡು. ಇಪ್ಪತ್ತಾರು ವರ್ಷದಿಂದ ಅವನು ಕೂತದ್ದು ಅಲ್ಲಿಯೇ, ಮಲಗಿದ್ದು ಅಲ್ಲಿಯೇ. ಹೆಂಡತಿ ಇಮಾಂಬೀ ತೀರಿಕೊಂಡದ್ದೂ ಅದರ ಹಿಂದಿನ ಕೋಣೆಯಲ್ಲಿ. ಊರಿನ ಮಂಡಕ್ಕಿ ಭಟ್ಟಿಗಳಲ್ಲಿ ಅರ್ಧದಷ್ಟು ಅವನು ಮಡಿಸಿಕೊಟ್ಟ ಹೊಗೆಕೊಳವೆಯಲ್ಲಿ ಉಸಿರಾಡುತ್ತಿದ್ದವು.

ಉಜ್ಜನಪ್ಪ ಶೆಡ್ಡಿನ ಬಾಗಿಲಲ್ಲಿ ನಿಂತು ಕೈಯ ಪತ್ರಿಕೆಯಿಂದ ಗಾಳಿ ಬೀಸಿಕೊಂಡ. "ಸಾಬ್ರೆ, ಗೋದಾಮು ಸಾಲ್ತಾ ಇಲ್ಲ. ಈ ಶೆಡ್ಡು ಕೆಡವಿ ಒಳಗ ಸೇರಿಸ್ಕೊಳ್ಳೋಣ ಅಂತ ಇದ್ದೆ."

ಮೌಲಾ ಸಾಬನ ಸುತ್ತಿಗೆ ನಿಂತಿತು.

"ಹೆದರಬ್ಯಾಡ್ರಿ. ನನ್ನ ಕಾರು ಕುದೀದಂಗೆ ಹರಿಹರ ಮುಟ್ಟಿಸಿಕೊಡ್ರಿ, ಸಾಯೋತನಕ ಇಲ್ಲೇ ಇರ್ರಿ. ಕುದೀತು ಅಂದ್ರೆ ಶುಕ್ರವಾರ ಖಾಲಿ ಮಾಡ್ರಿ. ಈ ಜಾಗಕ್ಕೆ ಇವನು ಬರ್ತಾನೆ." ಅವನು ಹಿಂದೆ ನಿಂತಿದ್ದ ಕುತುಬುದ್ದೀನನ ಕಡೆ ಗದ್ದ ಎತ್ತಿದ. "ಲಾರಿ ರಿಪೇರಿಗೆ ಒಂದು ಜಾಗ ಬೇಕು ಅಂತ ಮೂರು ವರ್ಷದಿಂದ ಗೋಗರೀತಾ ಇದ್ದಾನೆ. ಗೋದಾಮಿಗೆ ಇನ್ನೊಂದು ದಾರಿ ನೋಡ್ಕೊಂತೀನಿ."

ಕುತುಬುದ್ದೀನ್ ನೆಲ ನೋಡುತ್ತ ನಿಂತ. ಈ ಶೆಡ್ಡಿನ ನೆಲದ ಮಣ್ಣು ಅವನಿಗೆ ಹೊಸದಲ್ಲ, ಮೆಕ್ಯಾನಿಕ್ ಆಗುವ ಮೊದಲು ಇಲ್ಲಿಯೇ ತಗಡಿನ ಕೆಲಸ ಕಲಿತಿದ್ದ. ಮೌಲಾ ಸಾಬ್ ಅವನ ತಾಯಿಯ ಅಣ್ಣ. ಆದರೆ ಮಾಮೂ ಎಂದು ಕರೆಯಲು ಅವನಿಗೆ ಅಪ್ಪಣೆಯಿರಲಿಲ್ಲ, ಉಸ್ತಾದ್ ಎಂದೇ ಕರೆಯಬೇಕು. ಶೆಡ್ಡಿಗೊಂದು ಪದ್ಧತಿಯಿತ್ತು. ಯಾರ ಬೆಸುಗೆ ಸೋರುತ್ತದೋ ಅವನು ಆ ಪಾತ್ರೆಗೆ ನೀರು ತುಂಬಿ, ತಲೆಯ ಮೇಲೆ ಹೊತ್ತು, ಅದು ಪೂರ್ತಿ ಸೋರಿ ಬರಿದಾಗುವವರೆಗೆ ಬಾಗಿಲಲ್ಲಿ ನಿಲ್ಲಬೇಕು. ಏಳು ವರ್ಷದ ಹಿಂದೆ, ಅವನಿಗೆ ಹೆಣ್ಣು ಕೊಡಬೇಕೆಂದಿದ್ದ ಹಜೀರಾಬೀಯ ತಂದೆ ಹುಡುಗನನ್ನು ನೋಡಲೆಂದು ಬಂದ ದಿನ, ಕುತುಬುದ್ದೀನ್ ಬೆಸೆದ ಕೊಡ ಸೋರಿತು. ಇವತ್ತೊಂದು ದಿನ ಬಿಡಿ ಉಸ್ತಾದ್ ಎಂದು ಬೇಡಿಕೊಂಡ. ಬಿಡಲಿಲ್ಲ. ಗಲ್ಲದಿಂದ ನೀರು ಇಳಿಯುತ್ತ, ಅಂಗಿ ಮೈಗಂಟಿ, ಅವನು ಮುಕ್ಕಾಲು ಗಂಟೆ ನಿಂತ. ಓಣಿಯ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಹುಡುಗಿಯ ತಂದೆ ಚಹಾ ಮುಗಿಸಿ, ಗೌರವದಿಂದ ಸಲಾಮು ಹೇಳಿ, ಮತ್ತೆ ಬರಲಿಲ್ಲ.

ಮೌಲಾ ಸಾಬ್ ಕಾರನ್ನು ಭಟ್ಟಿಯನ್ನು ಓದುವಂತೆಯೇ ಓದಿದ. ಎಂಜಿನ್ನು ಚಾಲೂ ಮಾಡಿಸಿ, ಬಾನೆಟ್ಟಿನ ಅಂಚು ಅರೆಬೆರಳು ಎತ್ತಿ, ಹತ್ತಿಯ ಎಳೆಯೊಂದನ್ನು ಸುತ್ತಲೂ ಹಿಡಿದು ನೋಡಿದ. ಚಾಲಕನ ಮುಂದಿನ ಗಾಜಿನ ಹತ್ತಿರ, ಬಾನೆಟ್ಟು ಎಲ್ಲಕ್ಕಿಂತ ಎತ್ತರವಿದ್ದಲ್ಲಿ, ಎಳೆ ನೆಟ್ಟಗೆ ಮೇಲೆದ್ದಿತು. "ಇಲ್ಲಿ," ಎಂದ. "ಬಿಸಿ ಎಲ್ಲಿ ಹೋಗಿ ಸೇರ್ತೈತೋ ಅಲ್ಲೇ ಬಾಯಿ ತೆಗೀಬೇಕು."

ನಿಂತ ಭಟ್ಟಿಗೆ ಅದು ನಿಜ. ಓಡುವ ಕಾರಿಗೆ ಸುಳ್ಳು. ಅದು ಕುತುಬುದ್ದೀನನಿಗೆ ಗೊತ್ತಿತ್ತು. ಹಿಂದಿನ ವಾರವೇ ಅವನು ಬಾನೆಟ್ಟಿನ ಮೇಲೆಲ್ಲ ಮೈದಾ ಅಂಟಿನಿಂದ ನೂಲಿನ ತುಂಡುಗಳನ್ನು ಹಚ್ಚಿ, ಊರಾಚೆಯ ಕರೂರಿನ ಕಡೆ ಒಬ್ಬನೇ ಓಡಿಸಿ ನೋಡಿದ್ದ. ಮುಂಭಾಗದಲ್ಲಿ, ರೇಡಿಯೇಟರಿನ ಬೆನ್ನಿಗೆ, ನೂಲುಗಳು ಯಾರೋ ಮೇಲಿನಿಂದ ಹೀರಿದಂತೆ ಎದ್ದು ನಿಂತಿದ್ದವು. ಗಾಜಿನ ಬುಡದಲ್ಲಿ ಮಾತ್ರ ತಿರುಗಿಬಿದ್ದು ಮುಂದಕ್ಕೆ ಹೊರಳುತ್ತಿದ್ದವು. ಓಟದ ಗಾಳಿ ಗಾಜಿಗೆ ಬಡಿದು ಅಲ್ಲಿ ಗುಂಪುಗೂಡುತ್ತದೆ. ಅಲ್ಲಿ ಬಾಯಿ ತೆರೆದರೆ ಒಳಗಿನ ಬಿಸಿ ಹೊರಗೆ ಬರುವುದಿಲ್ಲ, ಹೊರಗಿನ ಗಾಳಿಯೇ ಒಳಗೆ ನುಗ್ಗಿ ಅದನ್ನು ಅಲ್ಲೇ ಅದುಮಿಡುತ್ತದೆ.

ಸೀಮೆಸುಣ್ಣದಿಂದ ಗೆರೆ ಎಳೆದ ಮೇಲೆ ಮೌಲಾ ಸಾಬ್ ಉಳಿ ಎತ್ತಿಕೊಂಡ, ಯಾಕೋ ಇಳಿಸಿದ. "ಕುತುಬ, ರಿಪೇರಿ ಮಾಡಿ ಓಡಿಸಿ ನೋಡೋನು ನೀನು. ಓಡುವಾಗ ಗಾಳಿ ಹೆಂಗೆ ಹೋಗ್ತೈತೆ? ಏನಾದ್ರೂ ಗೊತ್ತಿದ್ರೆ ಹೇಳು."

ಮೂವತ್ತು ವರ್ಷದ ಬಾಳಿನಲ್ಲಿ ಆ ಮನುಷ್ಯ ತನ್ನನ್ನು ಏನನ್ನಾದರೂ ಕೇಳಿದ್ದು ಇದೇ ಮೊದಲು. ಕುತುಬುದ್ದೀನ್ ಆ ಕ್ಷಣವನ್ನು ನಾಲಿಗೆಯ ಮೇಲೆ ಇರಿಸಿಕೊಂಡು ಕರಗಿಸಿದ.

"ಗಾಳಿ ವಿಷಯ ನಿಮಗೆ ನಾನು ಹೇಳೋದಾ, ಉಸ್ತಾದ್?"

ಮುದುಕನಿಗೆ ಉತ್ತರ ಹಿಡಿಸಿತು. ಎರಡು ದಿನ ಕೂತು ಎಂಟು ಸೀಳು ತೆಗೆದ. ಒಂದೊಂದರ ತುಟಿಯನ್ನೂ ಮರದ ಅಚ್ಚಿನ ಮೇಲೆ ಸಣ್ಣ ಸುತ್ತಿಗೆಯಿಂದ ತಟ್ಟಿ ತಟ್ಟಿ ಎಬ್ಬಿಸಿದ. ಮೀನಿನ ಕಿವಿರಿನಷ್ಟು ನಯ. ಕೆಲಸ ಎಷ್ಟು ಚೆಂದವಾಗಿತ್ತೆಂದರೆ ಕುತುಬುದ್ದೀನನ ಬಾಯಿಗೆ ನಿಜ ಎರಡು ಸಲ ಬಂದು ಮರಳಿತು.

ಭಾನುವಾರ ಮಧ್ಯಾಹ್ನ ಓಟ. ಉಜ್ಜನಪ್ಪ ಮೌಲಾ ಸಾಬನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡ. "ಬರ್ರಿ, ಕೂಡ್ರಿ. ನಿಮ್ಮ ಶೆಡ್ಡಿನ ಹಣೆಬರಹ ನೀವೇ ಕಣ್ಣಾರೆ ನೋಡ್ರಿ." ಕುತುಬುದ್ದೀನ್ ಮೋಟಾರು ಸೈಕಲ್ಲಿನಲ್ಲಿ ಹಿಂದೆ. ಗೆಳೆಯರ ಎರಡು ಕಾರುಗಳು ಅವನ ಹಿಂದೆ.

ದಾರಿಯಲ್ಲಿ ರೈಲ್ವೆ ಗೇಟು ಬಿದ್ದಿತ್ತು. ಕಾರು ನಿಂತಿತು, ನಿಂತೊಡನೆ ಎಂಟೂ ಸೀಳುಗಳಿಂದ ಬಿಸಿ ತೆಳ್ಳಗೆ ನಡುಗುತ್ತ ಎದ್ದಿತು, ಶಾಖದ ಮುಳ್ಳು ಕೆಳಗಿಳಿಯಿತು. ಮೌಲಾ ಸಾಬ್ ಹಿಂತಿರುಗಿ ನೋಡಿದ. ಅವನ ಮುಖದಲ್ಲಿ ಹಲ್ಲಿಲ್ಲದ, ಮಗುವಿನಂಥ ಗೆಲುವು.

"ನೋಡೋ, ಉಸಿರಾಡ್ತಾ ಐತೆ."

"ಹೌದು ಉಸ್ತಾದ್," ಎಂದ ಕುತುಬುದ್ದೀನ್. ಗೂಡ್ಸ್ ಗಾಡಿ ಉದ್ದವಿತ್ತು. ಒಂದು ಮಾತು ಹೇಳಲು ಬೇಕಾದಷ್ಟು ಡಬ್ಬಿಗಳು ಅವನ ಕಣ್ಣೆದುರು ದಾಟಿ ಹೋದವು.

ಗೇಟು ತೆರೆದ ಮೇಲೆ ಉಜ್ಜನಪ್ಪ ಕಾರನ್ನು ಜೋರಾಗಿ ಬಿಟ್ಟ. ಅರವತ್ತು ಮೈಲಿ ವೇಗ. ಹರಿಹರದ ಮೊದಲ ಮನೆಗಳು ಕಾಣುವ ಮುಂಚೆಯೇ ಮುಂದಿನಿಂದ ಆವಿ ಹೊರಟಿತು, ಸೇತುವೆಗೆ ಇನ್ನೂ ಕೂಗಳತೆಯಿರುವಾಗ ಎಂಜಿನ್ನು ಒಮ್ಮೆ ಕೆಮ್ಮಿ ಸತ್ತಿತು.

ಉಜ್ಜನಪ್ಪ ಕೂಗಾಡಲಿಲ್ಲ. ಇಳಿದು, ಕನ್ನಡಕ ಒರೆಸಿಕೊಂಡು, ಬಕೆಟ್ಟು ತೆಗೆದು ಮೌಲಾ ಸಾಬನ ಕೈಗೆ ಕೊಟ್ಟ. "ಹೊಳೆ ಹತ್ರ ಐತೆ. ತರ್ರಿ."

ಮುದುಕ ತುಂಗಭದ್ರೆಗೆ ಇಳಿದು, ಕಾದ ಕಲ್ಲುಗಳ ಮೇಲೆ ಹತ್ತಿ ಬಂದ. ಆ ನೀರಿನಲ್ಲಿ ಗೆಳೆಯರು ಮುಖ ತೊಳೆದುಕೊಂಡರು. ಇನ್ನೊಂದು ಸಲ ಕಳಿಸಿದರು. ಕಲ್ಲಪ್ಪ ಎಂಬ ಎಣ್ಣೆ ಮಿಲ್ಲಿನವನು, "ಸಾಬ್ರು ಕಾರಿಗೆ ಮಂಡಕ್ಕಿ ಭಟ್ಟಿ ಕಟ್ಟಿಕೊಟ್ಟಾರೆ, ಉಪ್ಪು ಹಾಕಿದ್ರೆ ಮಂಡಕ್ಕೀನೇ ಸಿಗ್ತಿತ್ತು," ಎಂದ. ಮೂರನೆಯ ಸಲ ಅರ್ಧ ನೀರು ದಾರಿಯಲ್ಲೇ ಚೆಲ್ಲಿತು.

"ತಪ್ಪೆಲ್ಲೈತೆ ಹೇಳಲೇ," ಎಂದ ಉಜ್ಜನಪ್ಪ ಕುತುಬುದ್ದೀನನಿಗೆ.

ಅವನು ಎಲ್ಲರೆದುರು ಬೆರಳಿಟ್ಟು ತೋರಿಸಿದ. ಗಾಳಿ ಇಲ್ಲಿ ಗುಂಪುಗೂಡ್ತೈತೆ, ಅಲ್ಲಿ ಹೀರ್ತೈತೆ. ಸೀಳು ಇರಬೇಕಾದದ್ದು ರೇಡಿಯೇಟರಿನ ಹಿಂದೆಯೇ, ಹಿಮ್ಮುಖವಾಗಿ. ಒಂದೊಂದು ಮಾತನ್ನೂ ಅವನು ಮೌಲಾ ಸಾಬನ ಮುಖ ನೋಡುತ್ತ ಆಡಿದ. ಮುದುಕ ಬಕೆಟ್ಟಿನ ಹಿಡಿ ಹಿಡಿದೇ ನಿಂತು ಕೇಳಿದ, ಪಾಠ ಕೇಳುವವನ ಹಾಗೆ ತಲೆದೂಗಿದ.

ಶುಕ್ರವಾರ ನಮಾಜಿಗೆ ಮುಂಚೆ ಶೆಡ್ಡು ಖಾಲಿಯಾಯಿತು. ತಳ್ಳುಗಾಡಿಯ ಮೇಲೆ ತಗಡು ಬಡಿಯುವ ಎರಡು ಅಡಿಗಲ್ಲು, ಒಂದು ತಿದಿ, ಇಮಾಂಬೀಯ ಟ್ರಂಕು. ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ಬೀಗದ ಕೈ ಕುತುಬುದ್ದೀನನ ಮುಷ್ಟಿಯಲ್ಲಿತ್ತು, ಆದರೂ ಏನೋ ಕೈಗೆ ಬಂದಿರಲಿಲ್ಲ. ಅವನು ಗಾಡಿಗೆ ಅಡ್ಡ ನಿಂತ.

"ನನಗೆ ಮೊದಲೇ ಗೊತ್ತಿತ್ತು, ಉಸ್ತಾದ್. ನೀವು ಕೇಳಿದಾಗಲೇ ಗೊತ್ತಿತ್ತು. ಬೇಕಂತಲೇ ಹೇಳಲಿಲ್ಲ."

ಮೌಲಾ ಸಾಬ್ ಅವನನ್ನು ಮೇಲಿನಿಂದ ಕೆಳಗೆ ನೋಡಿದ. ಅಳತೆ ತಪ್ಪಿ ಕತ್ತರಿಸಿದ ತಗಡನ್ನು ನೋಡುವಂತೆ.

"ಸುಳ್ಳು ಹೇಳಬ್ಯಾಡ. ನನಗೇ ತಿಳೀದ್ದು ನಿನಗೆ ಮೊದಲೇ ತಿಳಿದಿತ್ತಾ? ಕಾರು ಕುದ್ದ ಮೇಲೆ ಯಾವ ಕತ್ತೆಗಾದ್ರೂ ತಿಳೀತೈತೆ."

"ಖುದಾನಾಣೆ. ನೂಲು ಹಚ್ಚಿ ನೋಡಿದ್ದೆ. ಕರೂರಿನ ರಸ್ತೇಲಿ, ಗುರುವಾರ."

"ಸರಿ ಬಿಡು. ಸರಿ," ಎಂದು ಮುದುಕ ಕನಿಕರದಿಂದಲೇ ಹೇಳಿ, ಗಾಡಿಯ ಮೂತಿಯನ್ನು ಪಕ್ಕಕ್ಕೆ ತಿರುಗಿಸಿ ದಾಟಿಕೊಂಡ.

ಕುತುಬುದ್ದೀನ್ ಓಣಿಯ ಕೊನೆಯವರೆಗೂ ಅವನ ಪಕ್ಕದಲ್ಲೇ ನಡೆದ. ಎಷ್ಟು ನೂಲು ಹಚ್ಚಿದ್ದೆನೆಂದು, ಅಂಟು ಎಲ್ಲಿ ಕಲಸಿದೆನೆಂದು, ಎಷ್ಟು ವೇಗಕ್ಕೆ ಅವು ಹೊರಳಿದವೆಂದು, ಸಾಕ್ಷಿಯಿಲ್ಲದ ಕಕ್ಷಿದಾರನಂತೆ ಹೇಳುತ್ತಲೇ ಹೋದ. ಮೌಲಾ ಸಾಬ್ ತಲೆದೂಗುತ್ತ ಗಾಡಿ ತಳ್ಳಿದ. ದೊಡ್ಡ ರಸ್ತೆ ಬಂದಾಗ ಲಾರಿಯೊಂದಕ್ಕೆ ದಾರಿ ಬಿಟ್ಟು, ಇವನ ಕಡೆ ನೋಡದೆ, ರಸ್ತೆ ದಾಟಿದ.